ಎಂಜಿ ಟಿಸಿಯ ಒರಿಜಿನಲ್ ಸ್ಪೋಕ್ ಗಾಲಿ: ಹಬ್‌ನಿಂದ ಟೈರ್ ತನಕ ಪೂರ್ತಿ ಮಾರ್ಗದರ್ಶಿ

ಹಳೇ ಸ್ಪೋರ್ಟ್ಸ್ ಕಾರ್ ಕೈಗೆ ಬಂದ ಕೂಡ್ಲೆ ಮಂದಿ ಗಾಲಿ ಉಜ್ಜಾಕ ಕುಂದರ್ತಾರ. ಪಾಲಿಶ್ ಡಬ್ಬಿ, ಹಲ್ಲುಜ್ಜೂ ಬ್ರಶ್ಶು, ಹಳೇ ಬನಿಯನ್ನು ಎಲ್ಲಾ ತಗೊಂಡು ಇಡೀ ರವಿವಾರ ಅದ್ರಾಗ ಹೋಗ್ತೈತಿ. ಉಜ್ರಿ, ಬ್ಯಾಡ ಅನ್ನೂದಿಲ್ಲ, ಆದ್ರ ಅದು ಕಡೀ ಕೆಲಸ. ಸ್ಪೋಕ್ ಗಾಲಿ ಸಾಯೂದು ಕಣ್ಣಿಗೆ ಕಾಣದ ಜಾಗಾದಾಗ, ಅಂದ್ರ ಗಾಲಿಯ ನಡುಕಿನ ಹಲ್ಲು ಹಬ್‌ನ (ಗಾಲಿ ಹಾಕಾಕ ಗಾಡಿ ಕಡೆ ಇರೂ ತುಂಡು) ಹಲ್ಲಿನ ಮ್ಯಾಲೆ ಕುಂದರ್ತೈತಲ್ಲ, ಅಲ್ಲಿ. ಈ ಹಲ್ಲಿಗೆ ಸ್ಪ್ಲೈನ್ ಅಂತಾರ. ಅದಕ್ಕ ಈ ಮಾರ್ಗದರ್ಶಿ ಹಬ್‌ನಿಂದ ಶುರು ಆಗ್ತೈತಿ, ಪೇಂಟು ಪಾಲಿಶು ಆಮ್ಯಾಲೆ ಬರ್ತಾವು.

ನಾ ಹೇಳಾಕತ್ತಿದ್ದು ಎಂಜಿ ಟಿಸಿ ಬಗ್ಗೆ. 1945 ರಿಂದ 1949 ರ ತನಕ ಇಂಗ್ಲೆಂಡಿನ ಅಬಿಂಗ್ಡನ್‌ದಾಗ ಮಾಡಿದ ಗಾಡಿ, 1250 ಸಿಸಿ ಎಂಜಿನ್, ಒಟ್ಟ ಸುಮಾರ ಹತ್ತ ಸಾವಿರ ಅಷ್ಟ ತಯಾರಾದವು, ಎಲ್ಲಾವೂ ಬಲಗಡೆ ಸ್ಟೇರಿಂಗ್. ಇದ್ರ ಗುರ್ತ ಅಂದ್ರನ 19 ಇಂಚಿನ ಉದ್ದ ಎತ್ತರದ ತೆಳ್ಳನ ಗಾಲಿ, ರಿಮ್ ಅಗಲ ಬರೇ ಎರಡೂವರೆ ಇಂಚು, ಗಾಲಿಗೆ 48 ಸ್ಪೋಕ್. ಇದ್ರ ಮುಂದಿನ ಟಿಡಿ ಮಾಡೆಲ್ ಬಂದಾಗ ಕಂಪನಿ ಇದನ್ನ ಬಿಟ್ಟು 15 ಇಂಚಿನ ಸ್ಟೀಲ್ ಡಿಸ್ಕ್ ಗಾಲಿ ಹಾಕಿತು, ಅದಕ್ಕ ಆ 19 ಇಂಚಿಂದು ಒಮ್ಮೆ ಹೋದ್ರ ಪಕ್ಕದ ಮಾಡೆಲ್‌ನಿಂದ ತಂದ ಹಾಕೂನು ಅನ್ನಾಕ ಬರೂದಿಲ್ಲ. ನಿಮ್ಮ ಕಡೆ ಬ್ಯಾರೆ ಗಾಡಿ ಐತಿ, ಗಾಲಿ ಅಲಾಯ್ ಅಥವಾ ಮೆಗ್ನೀಶಿಯಂ ಅಂದ್ರ ಅದಕ್ಕೂ ಕೆಳಗ ಸ್ವಲ್ಪ ಬರದೀನಿ.

ಮೊದಲ ಸಾಮಾನು ಜೋಡಿಸ್ಕೋರಿ

ಒಂದ ಚಲೋ ಜ್ಯಾಕು, ಅದಕ್ಕಿಂತ ಮುಖ್ಯ ಎರಡ ಜ್ಯಾಕ್ ಸ್ಟ್ಯಾಂಡು. ನಮ್ಮ ಕಡೆ ಗ್ಯಾರೇಜಿನ್ಯಾಗ ಇಟ್ಟಂಗಿ ಒಟ್ಟಿ ಗಾಡಿ ನಿಂದ್ರಸೂ ಚಾಳಿ ಐತಲ್ಲ, ಅದನ್ನ ಇವತ್ತ ಬಿಟ್ಟ ಬಿಡ್ರಿ, ಇಟ್ಟಂಗಿ ಬಿರುಕ ಬಿಟ್ಟದ್ದು ಗೊತ್ತಾಗೂದ ಗಾಡಿ ಕೆಳಗ ಬಂದ ಮ್ಯಾಲೆ. ಆಮ್ಯಾಲೆ ತಾಮ್ರದ ಸುತ್ತಿಗಿ. ಗಾಲಿ ಹಿಡದ ನಿಂತಿರೂದು ನಡುಕ ಇರೂ ಒಂದ ಎರಡ ಕಿವಿಯ ನಟ್ಟಿನ ಮ್ಯಾಲೆ, ಸ್ಪಿನ್ನರ್ ಅಂತಾರ, ಅದನ್ನ ಪಾನಾ ಹಾಕಿ ಬಿಚ್ಚೂದಲ್ಲ, ಕಿವಿಗೆ ಹೊಡದ ಬಿಚ್ಚೂದು. ಕಬ್ಬಿಣದ ಸುತ್ತಿಗಿಲೆ ಹೊಡದ್ರ ಕಿವಿ ಜಜ್ಜಿ ಹೋಗ್ತೈತಿ, ಮಾರಾಟಕ್ಕ ಬಂದ ಎಷ್ಟೋ ಟಿಸಿ ನೋಡ್ರಿ, ಕಿವಿ ತುದಿ ಎಲ್ಲಾ ಚಪ್ಪಟಿ ಆಗಿರ್ತಾವು, ಕ್ರೋಮ್ ಎದ್ದಿರ್ತೈತಿ. ತಾಮ್ರದ್ದು ಸಿಗಲಿಲ್ಲ ಅಂದ್ರ ನಮ್ಮ ಬೆಳಗಾವ್ಯಾಗ ಚಿಂತಿ ಇಲ್ಲ, ಉದ್ಯಮಬಾಗಿನ್ಯಾಗ ಯಾವ ಲೇಥ್ ಅಂಗಡಿಗೆ ಹೋದ್ರೂ ತಾಮ್ರದ ರಾಡಿನ ತುಂಡ ಕೊಟ್ಟು ನಡುಕ ತೂತ ಹೊಡಸ್ಕೊಂಡ ಬರಬಹುದು, ಹಿಡಿಕಿ ಬಡಿಗ್ಯಾರ ಕಡೆ. ಇಲ್ಲಂದ್ರ ಕಿವಿ ಮ್ಯಾಲೆ ಗಟ್ಟಿ ಕಟಗಿ ತುಂಡ ಇಟ್ಟು ಅದ್ರ ಮ್ಯಾಲೆ ಹೊಡೀರಿ.

ಉಳದದ್ದು ಸಣ್ಣದು: ಟಾರ್ಚು, ಚಿಮಣಿ ಎಣ್ಣಿ, ಬ್ರಶ್ಶು, ಅರಿವಿ, ಗ್ರೀಸು, ಚಾಕ್‌ಪೀಸು, ನಿಪ್ಪಲ್‌ಗೆ (ಸ್ಪೋಕಿನ ರಿಮ್ ಕಡೆ ತುದಿಯ ಸಣ್ಣ ನಟ್ಟು) ಸರಿಯಾಗಿ ಕುಂದರೂ ಸ್ಪೋಕ್ ಪಾನಾ, ಒಂದ ನೋಟ್‌ಬುಕ್ಕು.

ಎಡ ಯಾವುದು, ಬಲ ಯಾವುದು

ಇದನ್ನ ತಿಳಕೊಳ್ದ ಸುತ್ತಿಗಿ ಎತ್ತಬ್ಯಾಡ್ರಿ. ಗಾಡಿಯ ಎಡಗಡೆ ಹಬ್‌ಗೆ ಸಾದಾ ಥ್ರೆಡ್, ಬಲಗಡೆ ಹಬ್‌ಗೆ ಉಲ್ಟಾ ಥ್ರೆಡ್. ಗಾಡಿ ಮುಂದ ಹೋಗೂವಾಗ ಗಾಲಿ ಯಾವ ಕಡೆ ತಿರಗ್ತೈತೋ ಆ ಕಡೆ ಹೊಡದ್ರ ನಟ್ಟು ಸಡ್ಲ ಆಗ್ತೈತಿ, ಅದಕ್ಕ ಉಲ್ಟಾ ಹೊಡದ್ರ ಬಿಗೀತೈತಿ, ಎರಡೂ ಮಗ್ಗಲಕ್ಕ ಇದ ಒಂದ ಲೆಕ್ಕ. ಇದ್ರಾಗ ಒಂದ ಜಾಣತನ ಐತಿ: ಗಾಡಿ ಓಡೂವಾಗ ಕೋನ್ (ಗಾಲಿ ಒತ್ತಿ ಕುಂದರೂ ಇಳಿಜಾರ ಮೈ) ಮ್ಯಾಲೆ ಕುಂತ ಗಾಲಿ ನಟ್ಟನ್ನ ತಾನ ಬಿಗಿ ಕಡೆ ಒಯ್ತೈತಿ. ಆದ್ರ ಯಾವನೋ ಮಿಸ್ತ್ರಿ ಹಿಂದ ಎಂದೋ ಬೇರಿಂಗ್ ಹಾಕೂವಾಗ ಎಡದ ಹಬ್ ಬಲಕ್ಕ, ಬಲದ್ದು ಎಡಕ್ಕ ಹಾಕಿದ್ದ ಅಂದ್ರ ಅದ ಜಾಣತನ ಉಲ್ಟಾ ಹೊಡೀತೈತಿ, ಓಡಿದಂಗ ಓಡಿದಂಗ ನಟ್ಟು ಸಡ್ಲ ಆಗಿ ಗಾಲಿ ಗಾಡಿ ಬಿಟ್ಟ ಹೋಗ್ತೈತಿ. ಹೊಸದಾಗಿ ಗಾಡಿ ತಗೊಂಡವ್ರು ಎಲ್ಲಾಕ್ಕಿಂತ ಮೊದಲ ನಾಲ್ಕೂ ಹಬ್ ಇದನ್ನ ಚೆಕ್ ಮಾಡ್ರಿ, ಗಾಡಿ ಆಮ್ಯಾಲೆ ಹೊರಗ ತಗೀರಿ. ನಟ್ಟಿನ ಮ್ಯಾಲೆ ಬಾಣದ ಗುರ್ತ ಇದ್ರ ಅದನ್ನಷ್ಟ ನಂಬಬ್ಯಾಡ್ರಿ, ಥ್ರೆಡ್ ಕಣ್ಣಾರೆ ನೋಡ್ರಿ, ಯಾಕಂದ್ರ ನಟ್ಟು ಥ್ರೆಡ್ಡಿನ ಪ್ರಕಾರ ಕುಂದರ್ತೈತಿ, ಹಬ್ ಯಾವ ಮಗ್ಗಲಕ್ಕ ಐತಿ ಅಂತ ಅದಕ್ಕೇನ ಗೊತ್ತು.

ಬಿಚ್ಚೂದು, ನೋಡೂದು

ಹ್ಯಾಂಡ್‌ಬ್ರೇಕ್ ಎಳದು, ಎದ್ರಿನ ಗಾಲಿಗೆ ಕಲ್ಲ ಕೊಟ್ಟು, ಗಾಲಿ ನೆಲದ ಮ್ಯಾಲ ಇದ್ದಾಗನ ಸ್ಪಿನ್ನರ್‌ಗೆ ಒಂದ ಪೆಟ್ಟ ಕೊಟ್ಟ ಸಡ್ಲ ಮಾಡ್ರಿ, ಆಮ್ಯಾಲೆ ಜ್ಯಾಕ್ ಹಚ್ಚಿ ಸ್ಟ್ಯಾಂಡ್ ಮ್ಯಾಲೆ ಇಳಸ್ರಿ. ಬಿಚ್ಚೂಕಿಂತ ಮೊದಲ ಒಂದ ಪರೀಕ್ಷೆ. ನಟ್ಟು ತಿರಗಿ ಪೂರಾ ಬಿಗಿ ಮಾಡಿ, ಒಬ್ರಿಗೆ ಒಳಗ ಕುಂತು ಬ್ರೇಕ್ ಪೆಡಲ್ ಒತ್ತಿ ಹಿಡಿ ಅನ್ರಿ, ನೀವು ಗಾಲಿ ಮೂರ ಗಂಟಿ ಒಂಬತ್ತ ಗಂಟಿ ಜಾಗಾದಾಗ ಹಿಡದು ಹಿಂದ ಮುಂದ ತಿರಗಸಾಕ ನೋಡ್ರಿ. ಬ್ರೇಕ್ ಹಿಡದಾಗೂ ಗಾಲಿ ಸ್ವಲ್ಪ ಅಲಗಾಡಿ ‘ಟಕ್’ ಅಂತು ಅಂದ್ರ ಆಟ ಸ್ಪ್ಲೈನ್‌ದಾಗ ಐತಿ. ಆಮ್ಯಾಲೆ ಹನ್ನೆರಡ ಆರ ಗಂಟಿ ಜಾಗಾ ಹಿಡದ ಅಲುಗಾಡಸ್ರಿ, ಅಲ್ಲಿ ಆಟ ಇದ್ರ ಅದು ಬೇರಿಂಗ್ ಇಲ್ಲಾ ಕಿಂಗ್‌ಪಿನ್ (ಮುಂದಿನ ಗಾಲಿ ಎಡಕ್ಕ ಬಲಕ್ಕ ಹೊರಳೂ ಪಿನ್) ಕಥಿ, ಗಾಲಿ ಮ್ಯಾಲೆ ಹಾಕಬ್ಯಾಡ್ರಿ. ಗಾಡಿ ರಿವರ್ಸ್ ತಗೊಂಡು ತಿರಗಿ ಮುಂದ ಹೊಂಟಾಗ ಹಿಂದ ಒಂದ ‘ಕಟ್’ ಸಪ್ಪಳ ಬರ್ತೈತಿ ಅನ್ನೂವ್ರು ಮೊದಲ ನೋಡಬೇಕಾದ್ದ ಹಿಂದಿನ ಎರಡ ಸ್ಪ್ಲೈನು. ಡಿಫರೆನ್ಶಿಯಲ್ ಬಿಚ್ಚಾಕ ಹೇಳೂ ಮಿಸ್ತ್ರಿಗೆ ಸ್ವಲ್ಪ ತಡೀಪಾ ಅನ್ರಿ.

ಈಗ ನಟ್ಟು ಬಿಚ್ಚಿ ಗಾಲಿ ಎಳೀರಿ. ಬರಲಿಲ್ಲ ಅಂದ್ರ ರಿಮ್ಮಿನ ಹಿಂದ ಕಬ್ಬಿಣದ ರಾಡ್ ಹಾಕಿ ಮೀಟಬ್ಯಾಡ್ರಿ, ಸ್ಪ್ಲೈನಿಗೆ ಎಣ್ಣಿ ಬಿಟ್ಟು ಒಂದ ರಾತ್ರಿ ಬಿಟ್ಟ ಬಿಡ್ರಿ, ಮರದಿನ ಟೈರಿಗೆ ಎರಡೂ ಕೈಲೆ ಗುದ್ದಿದ್ರ ಬರ್ತೈತಿ.

ಬಂದ ಕೂಡ್ಲೆ ಒರಸಬ್ಯಾಡ್ರಿ! ಹಬ್ ಮ್ಯಾಲೆ ಇದ್ದ ಹೊಲಸ ಹೆಂಗೈತಿ ಅಂತ ಮೊದಲ ಟಾರ್ಚ್ ಹಿಡದ ನೋಡ್ರಿ. ಕರೇ ಗ್ರೀಸು, ಮೆತ್ತಗೈತಿ ಅಂದ್ರ ಚಲೋ. ಕೆಂಪು ಕಂದು ಬಣ್ಣದ ಒಣಾ ಪುಡಿ, ಬೆರಳಿಗೆ ಹತ್ತಿದ್ರ ಅರಿಷಿಣ ಕುಂಕುಮ ಕಲಸಿದಂಗ ಕಾಣೂ ಪುಡಿ ಐತಿ ಅಂದ್ರ ಹಲ್ಲು ಹಲ್ಲು ಒಣಾ ತಿಕ್ಕಾಡಿ ಕಬ್ಬಿಣ ಪುಡಿ ಆಗಾಕತ್ತೈತಿ. ಅದಾದ ಮ್ಯಾಲೆ ಚಿಮಣಿ ಎಣ್ಣಿಲೆ ತೊಳದು ಒಂದೊಂದ ಹಲ್ಲ ನೋಡ್ರಿ. ಹಲ್ಲಿನ ತಲಿ ಚಪ್ಪಟಿ ಇದ್ದು ಮಗ್ಗಲು ನೆಟ್ಟಗ ಇದ್ರ ಇನ್ನೂ ಜೀವ ಐತಿ. ತಲಿ ಚೂಪಾಗಿ ಮೊನಿ ಬಂದಿತ್ತು ಅಂದ್ರ ಅದು ಮುಗದಂಗನ. ಬೆರಳ ಉಗುರಿಲೆ ಹಲ್ಲಿನ ಒಂದ ಮಗ್ಗಲ ಕೆಳಗಿಂದ ಮ್ಯಾಲೆ ಎಳದ ನೋಡ್ರಿ, ನಡುಕ ಮೆಟ್ಟಲದಂಗ ತಡದ್ರ ಸವದೈತಿ ಅಂತ ತಿಳೀರಿ. ಸಾಮಾನ್ಯವಾಗಿ ಒಂದ ಮಗ್ಗಲ ಹೆಚ್ಚ ಸವದಿರ್ತೈತಿ, ಹಿಂದಿನ ಗಾಲಿಗೆ ಎಂಜಿನ್ ಎಳೆತ, ಮುಂದಿನದಕ್ಕ ಬರೇ ಬ್ರೇಕಿನ ಎಳೆತ, ಅದಕ್ಕ ಹಿಂದಿನವು ಬೇಗ ಹೋಗ್ತಾವು.

ಇಲ್ಲೆ ಒಂದ ಮಾತ ಗಟ್ಟಿಯಾಗಿ ಹೇಳ್ತೀನಿ: ಸವದ ಹಬ್ ಮ್ಯಾಲೆ ಚಲೋ ಗಾಲಿ ಹಾಕಬ್ಯಾಡ್ರಿ, ಸವದ ಗಾಲಿ ಚಲೋ ಹಬ್ ಮ್ಯಾಲೂ ಬ್ಯಾಡ. ಒಂದು ಇನ್ನೊಂದನ್ನ ತಿಂದ ಹಾಕ್ತೈತಿ. ಎಪ್ಪತ್ತ ವರ್ಷ ಕೂಡಿ ಬಂದ ಗಾಲಿ ಹಬ್ ಜೋಡಿ ಐತಿ ಅಂದ್ರ ಅದನ್ನ ಜೋಡೀಲೆನ ಇಡ್ರಿ. ಪ್ರತಿ ಗಾಲಿಗೆ ಒಂದ ತಗಡಿನ ಚೀಟಿ ತಂತೀಲೆ ಕಟ್ಟಿ ಮುಂದ-ಎಡ, ಹಿಂದ-ಬಲ ಅಂತ ಬರೀರಿ, ಗಾಲಿ ಮೈಮ್ಯಾಲೆ ಪಂಚ್ ಹೊಡೀಬ್ಯಾಡ್ರಿ. ಟೈರ್ ರೊಟೇಶನ್ ಅಂತ ಈಗಿನ ಕಾರಿನಂಗ ಗಾಲಿ ಅದಲು ಬದಲು ಮಾಡೂದು ಈ ಗಾಡಿಗೆ ನಾ ಒಪ್ಪೂದಿಲ್ಲ. ಟೈರು ಸವದ್ರ ಟೈರ್ ಸಿಗ್ತೈತಿ.

ಹಬ್ ಮುಗದಿದ್ರ ಹೊಸಾದು ತರಸೂದ ಪಾಡು. ನಮ್ಮೂರಾಗ ಫೌಂಡ್ರಿಗೆ, ಮಶೀನ್ ಶಾಪಿಗೆ ಏನ ಕಡಿಮಿ, ಸ್ಪ್ಲೈನ್ ಕಟ್ ಮಾಡೂವ್ರೂ ಸಿಗ್ತಾರ, ಆದ್ರ ಹಬ್ ಅಂದ್ರ ಪ್ರಾಣದ ಪ್ರಶ್ನೆ, ಯಾವ ಸ್ಟೀಲು, ಎಷ್ಟ ಹಾರ್ಡ್ ಮಾಡಬೇಕು, ಹಲ್ಲಿನ ಅಳತಿ ಏನು ಎಲ್ಲಾ ಡ್ರಾಯಿಂಗ್ ಇಲ್ದ ಹಳೇ ಸವದ ಪೀಸ್ ತೋರಿಸಿ ಇದರಂಗ ಮಾಡಿ ಕೊಡ್ರಿ ಅಂದ್ರ ಸವಕಳಿ ಸಮೇತ ಕಾಪಿ ಮಾಡಿ ಕೊಡ್ತಾರ ಅವ್ರು, ಅವ್ರದೇನ ತಪ್ಪು.

ಸ್ಪೋಕ್ ಬಾರ್ಸಿ ನೋಡ್ರಿ

ಗಾಲಿ ಗೋಡೆಗೆ ಆನಿಸಿ ಸಣ್ಣ ಪಾನಾದಿಂದ ಒಂದೊಂದ ಸ್ಪೋಕ್ ತಟ್ಟಿ ಸಪ್ಪಳ ಕೇಳ್ರಿ. ಬಿಗಿ ಇದ್ದದ್ದು ‘ಟಿಂಗ್’ ಅಂತೈತಿ, ಸಡ್ಲ ಆದದ್ದು ‘ಥಡ್’ ಅಂತೈತಿ. ಎಲ್ಲಾ ಒಂದ ಸ್ವರ ಬರಬೇಕು ಅಂತಿಲ್ಲ, ಒಳಗಿನ ಸಾಲಿನವು ಹೊರಗಿನ ಸಾಲಿನವು ಉದ್ದಕ್ಕ ಬ್ಯಾರೆ ಬ್ಯಾರೆ, ಹಿಂಗಾಗಿ ಸಪ್ಪಳಾನೂ ಬ್ಯಾರೆ, ಆದ್ರ ಒಂದ ಸಾಲಿನ ಒಳಗ ಎಲ್ಲಾ ಹತ್ತಿರ ಹತ್ತಿರ ಬರಬೇಕು. ಥಡ್ ಅಂದದ್ದಕ್ಕ ಚಾಕ್‌ಪೀಸಿಲೆ ಗುರ್ತ ಹಾಕ್ರಿ. ಒಂದ ಎರಡ ಇದ್ರ ಸಣ್ಣ ಕೆಲಸ. ಒಂದ ಮಗ್ಗಲ ಸಾಲಾಗಿ ಸಡ್ಲ ಅದಾವು ಅಂದ್ರ ಆ ಜಾಗಾದಾಗ ರಿಮ್ಮು ಎಲ್ಲೋ ತಗ್ಗಿಗೆ ಬಿದ್ದ ಒಳಗ ಹೋಗೇತಿ. ನಿಪ್ಪಲ್ ಹತ್ರ, ಆಮ್ಯಾಲೆ ಗಾಲಿಯ ನಡುಕಿನ ಕಡೆ ಸ್ಪೋಕ್ ಬಗ್ಗೂ ಮೂಲ್ಯಾಗ, ಅಲ್ಲಿ ಬಿರುಕ ಐತೇನ ನೋಡ್ರಿ, ಸ್ಪೋಕ್ ಮುರಿಯೂದ ಅಲ್ಲೆ.

ಟೈರ್ ಗಾಲಿ ಮ್ಯಾಲೆ ಇದ್ದಾಗನ ಪಾನಾ ಹಾಕಿ ಬಿಗಿ ಮಾಡೂದು ಭಾಳ ಮಂದಿ ಚಟ. ಮಾಡಬ್ಯಾಡ್ರಿ. ಸ್ಪೋಕಿನ ತುದಿ ನಿಪ್ಪಲ್ ದಾಟಿ ಒಳಗ ಬಂದ್ರ ನೆಟ್ಟಗ ಟ್ಯೂಬಿಗೆ ಚುಚ್ಚತೈತಿ. ಟೈರ್ ಟ್ಯೂಬ್ ತಗದು, ಬಿಗಿ ಮಾಡಿ, ಹೊರಗ ಬಂದ ತುದಿ ಫೈಲ್ ಹಾಕಿ ನಿಪ್ಪಲ್ ಸಮಾ ಮಾಡಿ, ಮ್ಯಾಲೆ ರಬ್ಬರ್ ಪಟ್ಟಿ ಹಾಕಿದ ಮ್ಯಾಲೆನ ಟ್ಯೂಬ್.

ಬೆಂಡ್ ತಗಿಯೂದು ಅಂದ್ರ ನಮ್ಮ ಕಡೆ ಬುಲೆಟ್ ಗಾಲಿ ಕಟ್ಟೂ ಹಳೇ ಮಿಸ್ತ್ರಿಗಳ ಕೈ ಯಾರಿಗೂ ಬರೂದಿಲ್ಲ, ಕಣ್ಣ ಮುಚ್ಚಿದ್ರೂ ಬೆರಳಿಲೆ ಗೊತ್ತ ಮಾಡ್ತಾರ. ಅವ್ರ ಕಡೆನ ಹೋಗ್ರಿ, ಆದ್ರ ಹೋಗೂಕಿಂತ ಮೊದಲ ಒಂದ ಅಳತಿ ತಗೊಂಡ ಹೋಗ್ರಿ. ಬೈಕಿನ ಗಾಲ್ಯಾಗ ರಿಮ್ಮು ಹೆಚ್ಚಾಗಿ ಹಬ್‌ನ ನಡು ಮಧ್ಯಕ್ಕ ಬರ್ತೈತಿ, ಕಾರಿನ ಗಾಲ್ಯಾಗ ಹಂಗಿಲ್ಲ, ರಿಮ್ಮು ಒಂದ ಮಗ್ಗಲಕ್ಕ ಸರದಿರ್ತೈತಿ. ಇದು ಹೇಳಲಿಲ್ಲ ಅಂದ್ರ ಮಿಸ್ತ್ರಿ ಕಾಕಾ ಭಾಳ ಪ್ರೀತೀಲೆ ನಿಮ್ಮ ಗಾಲಿ ನಡುಕ ತಂದ ಕೊಡ್ತಾರ, ಮನಿಗೆ ಬಂದ ಹಾಕಿದ್ರ ಬ್ರೇಕ್ ಡ್ರಮ್ಮಿಗೋ ಮಡ್‌ಗಾರ್ಡಿಗೋ ಬಡೀತೈತಿ. ಅದಕ್ಕ ಒಂದ ಸ್ಪೋಕೂ ಸಡ್ಲ ಮಾಡೂಕಿಂತ ಮೊದಲ ಗಾಲಿ ಮಕಾಡ ಹಾಕಿ, ರಿಮ್ಮಿನ ಮ್ಯಾಲೆ ನೆಟ್ಟನ ಪಟ್ಟಿ ಅಡ್ಡ ಇಟ್ಟು, ಪಟ್ಟಿಯಿಂದ ಗಾಲಿಯ ನಡುಕಿನ ಹಬ್‌ನ ಒಳಮುಖಕ್ಕ ಎಷ್ಟ ಮಿಮೀ ಐತಿ ಅಂತ ಅಳದು ಬರದ ಇಡ್ರಿ. ಐದೂ ಗಾಲಿದು ಬರೀರಿ. ಒಂದರದು ಬ್ಯಾರೆ ಬಂತು ಅಂದ್ರ ಅದು ಯಾವಾಗೋ ತಪ್ಪಾಗಿ ಕಟ್ಟಿದ್ದು.

ಇನ್ನೊಂದು, ಬೆಂಡ್ ತಗಿಯೂವಾಗ ಗಾಲಿ ನಿಂದ್ರಸೂ ಸ್ಟ್ಯಾಂಡು ಬೇಕಲ್ಲ. ಮೋಡಕಾ ಹಬ್ ಒಂದ ಇದ್ರ, ಸವದಿದ್ರೂ ನಡೀತೈತಿ, ಬೇರಿಂಗ್ ಸಮೇತ ಒಂದ ಗಟ್ಟಿ ಆಂಗಲ್ ಚೌಕಟ್ಟಿಗೆ ಹಾಕಿಸ್ಕೋರಿ. ಅದ್ರ ಮ್ಯಾಲೆ ಗಾಲಿ ಕೋನಿಗೆ ಕೋನ್ ಕುಂತು ಖರೇ ತಿರಗ್ತೈತಿ. ರಿಮ್ಮಿನ ಮಗ್ಗಲ ಒಂದ ಮೊಳಿ ನಿಂದ್ರಿಸಿ ತಿರಗಸ್ರಿ. ರಿಮ್ಮು ಹೊರಗ ಬಂದಲ್ಲಿ ಒಳಗಿನ ಸಾಲಿನ ಸ್ಪೋಕ್ ಕಾಲ ಸುತ್ತ ಬಿಗಿ, ಹೊರಗಿನ ಸಾಲಿಂದು ಅಷ್ಟ ಸಡ್ಲ. ಒಳಗ ಹೋದಲ್ಲಿ ಇದ್ರ ಉಲ್ಟಾ. ಮ್ಯಾಲೆ ಉಬ್ಬಿದಲ್ಲಿ ಎರಡೂ ಸಾಲು ಬಿಗಿ. ಕಾಲ ಸುತ್ತಿಗಿಂತ ಹೆಚ್ಚ ಒಂದ ಸಲಕ್ಕ ಬ್ಯಾಡ. ಮಗ್ಗಲಕ್ಕೂ ಎತ್ತರಕ್ಕೂ ಒಂದೂವರೆ ಮಿಮೀ ಒಳಗ ತಂದ್ರ ನನಗ ಸಮಾಧಾನ, ಪೂರಾ ಸೊನ್ನೆ ಮಾಡ್ತೀನಿ ಅಂತ ಹಠ ಹಿಡದು ಹಳೇ ಸ್ಪೋಕಿಗೆ ಭಾರ ಕೊಡೂದಕ್ಕಿಂತ ಇದ ಚಲೋ. ನಿಪ್ಪಲ್ ಜಂಗ್ ಹಿಡದ ತಿರಗಲಿಲ್ಲ ಅಂದ್ರ ಎಣ್ಣಿ ಹಾಕಿ ಎರಡ ದಿನ ಬಿಡ್ರಿ. ಜೋರ ಮಾಡಿದ್ರ ಸ್ಪೋಕ್ ಸುತ್ತಿಕೊಂಡ ಮುರೀತೈತಿ.

ಸ್ಪೋಕ್ ಬದಲಾಸೂದಿದ್ರ ಬುಲೆಟ್ಟಿನ ಸ್ಪೋಕ್ ಕತ್ತರಿಸಿ ಹಾಕೂದು ಬ್ಯಾಡ, ದಪ್ಪಾನೂ ಬ್ಯಾರೆ, ಬಗ್ಗಿಸಿದ ಕೋನಾನೂ ಬ್ಯಾರೆ. ಇಂಗ್ಲೆಂಡಿನ ಮೋಟರ್ ವ್ಹೀಲ್ ಸರ್ವಿಸ್ ಅನ್ನೂ ಕಂಪನಿ ಈ ಹಳೇ ಗಾಡಿಗಳ ಸ್ಪೋಕು, ಹಬ್ಬು, ಪೂರಾ ಗಾಲೀನೂ ಮಾಡ್ತೈತಿ. ಕೊರಿಯರ್, ಕಸ್ಟಮ್ಸ್ ಡ್ಯೂಟಿ ಕೂಡಿದ್ರ ತುಟ್ಟಿ ಆಗ್ತೈತಿ ಖರೆ, ಅದಕ್ಕ ಒಮ್ಮೆಲೆ ಒಂದ ಸೆಟ್ ತರಸಿ ಇಟ್ಟಗೋರಿ.

ಬಣ್ಣ

ಪೌಡರ್ ಕೋಟಿಂಗ್ ಮಾಡಸ್ರಿ ಸಾಹೇಬ್ರ, ಜನ್ಮಕ್ಕ ಸಾಕು ಅಂತ ಎಲ್ಲಾರೂ ಹೇಳ್ತಾರ. ಸ್ಪೋಕ್ ಗಾಲಿಗೆ ನಾ ಬ್ಯಾಡ ಅಂತೀನಿ. ಆ ದಪ್ಪ ಪದರು ನಿಪ್ಪಲ್ಲನ್ನ ಸ್ಪೋಕಿಗೆ ಅಂಟಿಸಿ ಬಿಡ್ತೈತಿ, ಮುಂದ ಬಿಗಿ ಮಾಡೂವಾಗ ಒಡೀತೈತಿ, ಒಡದ ಸಂದಿನ್ಯಾಗ ನೀರ ಹೊಕ್ಕು ಒಳಗಿಂದೊಳಗ ಜಂಗ್ ಹಿಡೀತೈತಿ, ಮ್ಯಾಲೆ ನೋಡಿದ್ರ ಎಲ್ಲಾ ಚಲೋ ಕಾಣ್ತೈತಿ. ಬಿರುಕ ಬಂದ್ರೂ ಮುಚ್ಚತೈತಿ. ತೆಳ್ಳನ ಸಿಲ್ವರ್ ಎನಾಮಲ್ ಪೇಂಟು ಪಾಡು, ಎಲ್ಲಿ ಎದ್ದಿತು ಅಲ್ಲಿ ಬ್ರಶ್ಶಿಲೆ ಹಚ್ಚಬಹುದು. ಹಳೇ ಪೇಂಟ್ ಇನ್ನೂ ಗಟ್ಟಿ ಐತಿ, ಅಲ್ಲಲ್ಲಿ ಮಾಸೇತಿ ಅಷ್ಟ ಅಂದ್ರ ಅದನ್ನ ಹಂಗ ಬಿಡ್ರಿ, ಕಾರ್ಖಾನಿ ಪೇಂಟು ಒಮ್ಮೆನ ಬರೂದು. ಕ್ರೋಮ್ ಮಾಡಸೂದಂತೂ ತಲ್ಯಾಗಿಂದ ತಗದ ಹಾಕ್ರಿ, ಪ್ಲೇಟಿಂಗ್ ಮಾಡೂವಾಗ ಹೈಡ್ರೋಜನ್ ಸ್ಟೀಲಿನ ಒಳಗ ಹೋಗಿ ಬಿಗಿ ಇದ್ದ ಸ್ಪೋಕು ಪುಟ್ ಅಂತ ಮುರಿಯೂ ಹಂಗ ಆಗ್ತೈತಿ.

ಯಾವ ಬಣ್ಣ ಹಾಕಿದ್ರೂ ಎರಡ ಜಾಗಾ ಬಿಡಬೇಕು: ಸ್ಪ್ಲೈನ್ ಹಲ್ಲು, ಆಮ್ಯಾಲೆ ಒಳಗಿನ ಹೊರಗಿನ ಎರಡ ಕೋನ್. ಕೋನ್ ಮ್ಯಾಲೆ ಪೇಂಟ್ ಇದ್ರ ನಟ್ಟು ಬಿಗಿ ಆದಂಗ ಅನಸ್ತೈತಿ, ನಾಕ ಕಿಲೋಮೀಟರ್ ಓಡಿದ ಮ್ಯಾಲೆ ಪೇಂಟ್ ಹಿಂಡಿ ಹೋಗಿ ನಟ್ಟು ಸಡ್ಲ ಆಗ್ತೈತಿ. ಹಳೇ ಬಣ್ಣ ತಗಿಯಾಕ ಸ್ಯಾಂಡ್‌ಬ್ಲಾಸ್ಟ್ ಬದಲಿ ಪೇಂಟ್ ರಿಮೂವರ್ ಬಳಸ್ರಿ, ಬ್ಲಾಸ್ಟ್ ಮಾಡಸೂದ ಆದ್ರ ಹಬ್‌ನ ಎರಡೂ ಬಾಯಿ ರಬ್ಬರ್ ಬೂಚ ಹಾಕಿ ಮುಚ್ಚಸ್ರಿ.

ಟೈರು, ಟ್ಯೂಬು, ಹವಾ

ಟಿಸಿಗೆ 4.50-19 ಟೈರ್, ಒಳಗ ಟ್ಯೂಬು. ಇಲ್ಲಿ ಪಂಚರ್ ಅಂಗಡ್ಯಾಗ ಕೇಳಿದ್ರ ತಕ್ಷಣ ಒಂದ ಉಪಾಯ ಬರ್ತೈತಿ, 19 ಇಂಚ ಅಂದ್ರ ಹಳೇ ಬುಲೆಟ್ಟಿಂದು ಕುಂದರ್ತೈತಿ ಅಂತ. ಡಯಾಮೀಟರ್ ಒಂದ ಅನ್ನೂದು ಖರೆ, ಕುಂದರಲೂಬಹುದು. ಆದ್ರ ಬೈಕಿನ ಟೈರು ತಿರುವಿನ್ಯಾಗ ವಾಲಾಕ ಮಾಡಿದ್ದು, ಅದ್ರ ಮೈ ದುಂಡಗ, ಕಾರಿನ ಟೈರ್ ನೆಟ್ಟಗ ನಿಂತ ಮಗ್ಗಲ ಒತ್ತಡ ತಡೀಬೇಕು, ಮ್ಯಾಲೆ ಎಂಟನೂರ ಕೇಜಿ ಸಮೀಪದ ಗಾಡಿ. ತಳ್ಳಿ ಗ್ಯಾರೇಜ್ ಬದಲಾಸಾಕ ನಡದೀತು, ಚೋರ್ಲಾ ಘಾಟ್ ಇಳ್ಯಾಕ ನಡ್ಯೂದಿಲ್ಲ. ಡನ್ಲಪ್, ಬ್ಲಾಕ್ಲಿ ಹೆಸರಿನ್ಯಾಗ ಈ ಸೈಜು ಇನ್ನೂ ಬರ್ತೈತಿ, ಐದೂ ಒಮ್ಮೆಲೆ ತರಸ್ರಿ.

ಹವಾ 24 ರಿಂದ 26 ಪಿಎಸ್ಐ, ಹಿಂದ ಸ್ವಲ್ಪ ಹೆಚ್ಚ. ಪೆಟ್ರೋಲ್ ಪಂಪಿನ ಹುಡುಗ ಕೇಳದನ 32, 35 ಹೊಡೀತಾನ, ತೆಳ್ಳನ ಟೈರ್ ಕಂಡ್ರ ಅವ್ನಿಗೆ ಹವಾ ಇಲ್ಲ ಅಂತನ ಅನಸ್ತೈತಿ ಪಾಪ. ಹೆಚ್ಚ ಹವಾ ಇದ್ರ ತಗ್ಗಿನ ಪೆಟ್ಟು ಟೈರ್ ನುಂಗೂದಿಲ್ಲ, ನೆಟ್ಟಗ ಸ್ಪೋಕಿಗೆ ಹೋಗ್ತೈತಿ. ಸ್ವಂತ ಗೇಜ್ ಇಟ್ಟಗೋರಿ, ಗಾಡಿ ಥಂಡ ಇದ್ದಾಗ ನೋಡ್ರಿ. ಟೈರಿನ ಮಗ್ಗಲ ನಾಲ್ಕ ಅಂಕಿ ಇರ್ತಾವು, ಮೊದಲ ಎರಡು ವಾರ, ಕಡೀ ಎರಡು ವರ್ಷ. ಗುಡ್ಡಿ ಎಷ್ಟ ಇದ್ರೂ ಹತ್ತ ವರ್ಷ ದಾಟಿದ್ರ, ಮಗ್ಗಲಿಗೆ ಸಣ್ಣ ಬಿರುಕ ಬಿಟ್ಟಿದ್ರ ತಗೀರಿ. ವಿಜಯಪುರ, ಬಾಗಲಕೋಟಿ ಕಡೆ ಬಿಸಲಿಗೆ ಅದಕ್ಕಿಂತ ಮೊದಲ ಬಿರಕ ಬಿಡ್ತಾವು.

ಬ್ಯಾಲೆನ್ಸಿಂಗ್‌ದಾಗ ಎಲ್ಲಾ ಅಂಗಡ್ಯಾಗೂ ಒಂದ ತೊಂದ್ರಿ, ಮಶೀನಿನ ಸಾದಾ ಕೋನು ಈ ಗಾಲಿಯ ಸ್ಪ್ಲೈನ್ ಹಲ್ಲಿನ ಮ್ಯಾಲೆ ಕುಂದರ್ತೈತಿ, ಗಾಲಿ ಖರೇ ಕುಂದರೂ ಕೋನ್ ಮ್ಯಾಲೆ ಅಲ್ಲ. ತೂಕ ತಪ್ಪ ತೋರಸ್ತೈತಿ, ಹಲ್ಲೂ ಜಖಂ. ಉದ್ಯಮಬಾಗಿನ್ಯಾಗ ಗಾಲಿ ಒಯ್ದು ತೋರಿಸಿ, ಒಳಗಿನ ಕೋನಿಗೆ ಒಂದು ಹೊರಗಿನ ಕೋನಿಗೆ ಒಂದು ಹಿತ್ತಾಳಿ ಅಡಾಪ್ಟರ್ ಲೇಥ್ ಹೊಡಸ್ಕೋರಿ, ಮಶೀನಿನ ಶಾಫ್ಟ್ ದಪ್ಪ ಮೊದಲ ಅಳಕೊಂಡ ಹೋಗ್ರಿ. ಒಮ್ಮೆ ಮಾಡಸಿದ್ರ ಜನ್ಮಪೂರ್ತಿ ಬರ್ತಾವು.

ತಿರಗಿ ಹಾಕೂದು

ಹಬ್ ಹಲ್ಲು, ಗಾಲಿ ಹಲ್ಲು, ಎರಡ ಕೋನು, ನಟ್ಟಿನ ಥ್ರೆಡ್ಡು, ಎಲ್ಲಾ ಚಿಮಣಿ ಎಣ್ಣಿಲೆ ತೊಳದು ಒಣ ಅರಿವೀಲೆ ಒರಸ್ರಿ. ತೆಳ್ಳಗ ಗ್ರೀಸ್ ಸವರ್ರಿ, ಮುದ್ದಿ ಮುದ್ದಿ ಬ್ಯಾಡ, ಹೆಚ್ಚಾದ್ರ ಬ್ರೇಕ್ ಡ್ರಮ್ಮಿನ ಕಡೆ ಸಿಡೀತೈತಿ ಇಲ್ಲಾ ಸ್ಪೋಕ್ ಮ್ಯಾಲೆ ಬಂದ ಧೂಳ ಹಿಡೀತೈತಿ. ಗಾಲಿ ನೆಟ್ಟಗ ತಳ್ರಿ, ನಟ್ಟು ಕೈಲೆ ಹತ್ತಿಸಿ ಎಷ್ಟ ಬರ್ತೈತಿ ಅಷ್ಟ ತಿರುವ್ರಿ, ಆಮ್ಯಾಲೆ ಗಾಲಿ ಇನ್ನೂ ಗಾಳ್ಯಾಗ ಇದ್ದಾಗನ ಬ್ರೇಕ್ ಹಿಡಿಸಿ ತಾಮ್ರದ ಸುತ್ತಿಗಿಲೆ ಹೊಡೀರಿ. ನೆಲಕ್ಕ ಇಳಿಸಿ ಹೊಡದ್ರ ಗಾಡಿ ಭಾರಕ್ಕ ಗಾಲಿ ಕೋನ್ ಮ್ಯಾಲೆ ಓರಿ ಕುಂದರ್ತೈತಿ. ಹೊಡದಂಗ ಮೊದಲ ‘ದಬ್’ ಅಂತ ಸಪ್ಪಳ ಬರ್ತೈತಿ, ಪೂರಾ ಕುಂತ ಮ್ಯಾಲೆ ಸುತ್ತಿಗಿ ಪುಟೀತೈತಿ, ಸಪ್ಪಳ ಗಟ್ಟಿ ಆಗ್ತೈತಿ, ಅಲ್ಲಿಗೆ ನಿಂದ್ರಸ್ರಿ. ಹತ್ತ ಹದಿನೈದ ಕಿಲೋಮೀಟರ್ ಓಡಿಸಿ, ಅಂದ್ರ ಖಾನಾಪುರ ರೋಡ್ ಮ್ಯಾಲೆ ಮಚ್ಛೆ ತನಕ ಹೋಗಿ ಬಂದ್ರ ಸಾಕು, ತಿರಗಿ ಒಂದೊಂದ ಪೆಟ್ಟ ಕೊಟ್ಟ ನೋಡ್ರಿ. ದೂರದ ಹಾದಿಗೆ ಹೊಂಟಾಗ ಚಾ ಕುಡ್ಯಾಕ ನಿಂತಲ್ಲೆ ನಾಲ್ಕೂ ಹಬ್‌ಗೆ ಕೈ ಹಚ್ಚಿ ನೋಡೂದು ರೂಢಿ ಮಾಡ್ಕೋರಿ, ಒಂದ ಮಾತ್ರ ಬಿಸಿ ಐತಿ ಅಂದ್ರ ಬ್ರೇಕು ಇಲ್ಲಾ ಬೇರಿಂಗು ಏನೋ ಹೇಳಾಕತ್ತೈತಿ.

ತೊಳೆಯೂದು ಮತ್ತ ಮಳಿಗಾಲ

ವಾಶಿಂಗ್ ಸೆಂಟರ್‌ಗೆ ಬಿಡಬ್ಯಾಡ್ರಿ. ಪ್ರೆಶರ್ ನೀರು ಬೇರಿಂಗ್ ಒಳಗ ಹೋಗ್ತೈತಿ, ಆಮ್ಯಾಲೆ ಹೊಳೀಲಿ ಅಂತ ಡೀಸೆಲ್ ಸಿಂಪಡಸ್ತಾರಲ್ಲ, ಅದು ಸ್ಪ್ಲೈನಿನ ಗ್ರೀಸ್ ತೊಳದು ಟೈರಿನ ರಬ್ಬರ್ ತಿಂತೈತಿ. ಬಕೆಟ್ ನೀರು, ಸ್ವಲ್ಪ ಶಾಂಪೂ, ಮೆತ್ತನ ಬ್ರಶ್ಶು. ಜಾಂಬೋಟಿ, ಖಾನಾಪುರ ಕಡೆ ಹೋಗಿ ಬಂದಿದ್ರ ಕೆಂಪ ಮಣ್ಣು ನಿಪ್ಪಲ್ ಸುತ್ತ ಕುಂತು ಹಸಿ ಹಿಡದಿಡ್ತೈತಿ, ಬೈಲಹೊಂಗಲ ಸವದತ್ತಿ ಕಡೆ ಎರಿ ಮಣ್ಣು ಇನ್ನೂ ಹಟಮಾರಿ, ಒಣಗಿದ ಮ್ಯಾಲೆ ತಿಕ್ಕಿದ್ರ ಪೇಂಟ್ ಸಮೇತ ಬರ್ತೈತಿ, ನೀರ ಹಾಕಿ ನೆನಸಿ ತಗೀರಿ. ಗೋವಾಕ್ಕ ಹೋಗಿ ಬಂದ್ರ ಮರದಿನಾನ ತೊಳೀರಿ, ಸಮುದ್ರದ ಉಪ್ಪಿನ ಗಾಳಿ ಸ್ಪೋಕಿಗೆ ವಿಷ. ತೊಳದ ಮ್ಯಾಲೆ ಗಾಡಿ ಒಂದ ಸುತ್ತ ಓಡಿಸಿ ನೀರ ಹಾರಸ್ರಿ, ಉಳದದ್ದು ಅರಿವೀಲೆ.

ಜೂನ್‌ದಿಂದ ಸಪ್ಟೆಂಬರ್ ತನಕ ಬೆಳಗಾವಿ ಮಳಿ ಗೊತ್ತೈತಲ್ಲ, ಅಲಮಾರ್ಯಾಗಿನ ಬೂಟಿಗೂ ಬೂಸ್ಟ ಹಿಡೀತೈತಿ. ಗಾಡಿ ಸ್ಟ್ಯಾಂಡ್ ಮ್ಯಾಲೆ ನಿಂದ್ರಿಸಿ, ಗಾಲಿ ಒಮ್ಮೆ ಬಿಚ್ಚಿ ಗ್ರೀಸ್ ಹಾಕಿ ತಿರಗಿ ಹಾಕ್ರಿ, ಸ್ಪೋಕಿಗೆ ತೆಳ್ಳಗ ಎಣ್ಣಿ ಅರಿವಿ ಆಡಸ್ರಿ, ಟೈರಿಗೆ ತಾಗದಂಗ. ಪ್ಲಾಸ್ಟಿಕ್ ತಾಡಪತ್ರಿ ಬಿಗಿದ ಮುಚ್ಚಬ್ಯಾಡ್ರಿ, ಒಳಗ ನೀರ ಹನಿ ಕಟ್ತೈತಿ, ಹತ್ತಿ ಬಟ್ಟಿ ಹಾಕ್ರಿ. ತಿಂಗಳಿಗೊಮ್ಮೆ ಗಾಲಿ ಕೈಲೆ ತಿರಗಿಸಿ ಬಿಡ್ರಿ.

ಅಲಾಯ್, ಮೆಗ್ನೀಶಿಯಂ ಇದ್ದವ್ರಿಗೆ

ಪೋರ್ಷೆ 911 ರ ಫುಕ್ಸ್ ಗಾಲಿ ಫೋರ್ಜ್ ಮಾಡಿದ ಅಲ್ಯೂಮಿನಿಯಂ, ಮ್ಯಾಲೆ ಆನೋಡೈಸ್ ಪದರು. ಅದನ್ನ ಕಾಸ್ಟಿಕ್ ಇರೂ ಕ್ಲೀನರಿಲೆ ತೊಳದ್ರ ಇಲ್ಲಾ ಬಫಿಂಗ್ ಮಾಡಸಿದ್ರ ಪದರು ಹೋಗ್ತೈತಿ, ಎರಡ ದಿನ ಹೊಳದು ಆಮ್ಯಾಲೆ ಮಂಕ ಆಗ್ತೈತಿ. ಶಾಂಪೂ ನೀರು ಸಾಕು. ಹಳೇ ಮಿನಿಲೈಟು, ಕ್ಯಾಂಪಾಗ್ನೋಲೋದಂಥಾ ಮೆಗ್ನೀಶಿಯಂ ಗಾಲಿ ಭಾಳ ಹಗುರ, ಆದ್ರ ಪೇಂಟ್ ಎದ್ದಲ್ಲಿ ಬಿಳೇ ಪುಡಿ ಬಂದು ತೂತ ಬೀಳ್ತೈತಿ, ಸ್ಟೀಲ್ ನಟ್ಟಿನ ಜೋಡಿ ಹಸಿ ಇದ್ರ ಇನ್ನೂ ಬೇಗ. ಅದನ್ನ ಗ್ರೈಂಡರ್ ಹಚ್ಚಿ ತಿಕ್ಕಬ್ಯಾಡ್ರಿ, ಪುಡಿಗೆ ಕಿಡಿ ಹತ್ತಿದ್ರ ನೀರ ಹಾಕಿ ಆರಸಾಕ ಬರೂದಿಲ್ಲ, ಹಾಕಿದ್ರ ಹೆಚ್ಚ ಉರೀತೈತಿ, ಒಣಾ ಮರಳ ಬೇಕು. ಎರಡೂ ಥರದ ಗಾಲಿಗೆ ಬಿರುಕ ನೋಡಾಕ ಡೈ ಪೆನೆಟ್ರಂಟ್ ಟೆಸ್ಟ್ ಮಾಡಸ್ರಿ, ಬಣ್ಣದ ದ್ರವ ಹಚ್ಚಿ ಒರಸಿ ಮ್ಯಾಲೆ ಬಿಳೇ ಪುಡಿ ಹೊಡದ್ರ ಬಿರುಕ ಇದ್ದಲ್ಲಿ ಕೆಂಪ ಗೆರಿ ಏಳ್ತೈತಿ. ನಮ್ಮ ಕಡೆ ಏರೋಸ್ಪೇಸ್, ಹೈಡ್ರಾಲಿಕ್ ಪಾರ್ಟ್ ಮಾಡೂ ಕಾರ್ಖಾನಿ ಇರೂದ್ರಿಂದ ಈ ಟೆಸ್ಟ್ ಗೊತ್ತಿದ್ದವ್ರು ಸಿಗ್ತಾರ. ಬಿರುಕ ಬಂದ ಮೆಗ್ನೀಶಿಯಂ ಗಾಲಿಗೆ ವೆಲ್ಡಿಂಗ್ ಮಾಡಸಿ ರೋಡಿಗೆ ತರಬ್ಯಾಡ್ರಿ, ಗೋಡೆಗೆ ತೂಗ ಹಾಕ್ರಿ.

ಒರಿಜಿನಲ್ ಓಡಸಬೇಕೋ, ಎತ್ತಿಡಬೇಕೋ

ಹಲ್ಲು ಚಲೋ ಅದಾವು, ಸ್ಪೋಕ್ ಟಿಂಗ್ ಅಂತಾವು ಅಂದ್ರ ಒರಿಜಿನಲ್ ಮ್ಯಾಲೆನ ಓಡಸ್ರಿ, ಗಾಲಿ ಅದಕ್ಕ ಮಾಡಿದ್ದು. ಹಲ್ಲು ಅರ್ಧ ಸವದಿದ್ರ ಒಂದ ಹೊಸ ಸೆಟ್ ಗಾಲಿ ಹಬ್ ಸಮೇತ ತರಸಿ ದಿನಾ ಓಡಾಟಕ್ಕ ಹಾಕಿ, ಹಳೇ ಗಾಲಿ ಹಳೇ ಹಬ್ ಜೋಡಿ ಜೋಡಿ ಕಟ್ಟಿ ಎತ್ತಿಡ್ರಿ. ಕಬ್ಬಿನ ಸೀಜನ್‌ದಾಗ ಟ್ರ್ಯಾಕ್ಟರ್ ಟ್ರೇಲರ್ ಓಡಿ ರೋಡ್ ಅಂಚೆಲ್ಲಾ ತಗ್ಗ ಬಿದ್ದಿರ್ತಾವು, ಆವಾಗಂತೂ ಹೊಸ ಸೆಟ್ಟ ಇರ್ಲಿ. ಎತ್ತಿಡೂವಾಗ ಟೈರ್ ತಗದ ಇಡ್ರಿ, ರಿಮ್ಮಿನ ಒಳಮೈಗೆ ಪ್ರೈಮರ್ ಹೊಡದು, ಹಲ್ಲಿಗೆ ಗ್ರೀಸ್ ಹಚ್ಚಿ ಎಣ್ಣಿ ಕಾಗದ ಸುತ್ತಿ, ನೆಲದ ಮ್ಯಾಲೆ ಅಲ್ಲ, ಹಲಗಿ ಮ್ಯಾಲೆ. ಸ್ಟೆಪ್ನಿ ಗಾಲಿ ಮರೀಬ್ಯಾಡ್ರಿ, ಹಿಂದ ಪೆಟ್ರೋಲ್ ಟಾಕಿ ಮ್ಯಾಲೆ ಹೊರಗ ಕುಂತಿರ್ತೈತಿ, ಮಳಿ ಬಿಸಲು ಎಲ್ಲಾ ಅದ ತಿಂತೈತಿ, ಆದ್ರ ಹಲ್ಲು ಮಾತ್ರ ಹೊಸಾದ್ರಂಗ ಇರ್ತಾವು. ಹಳೇ ಗಾಲಿ ಖರೀದಿ ಮಾಡೂವ್ರು ಮೊದಲ ಅದನ್ನ ಕೇಳ್ರಿ.

ಬ್ಯಾರೆ ಕಡೆಯಿಂದ ಗಾಲಿ ತಗೋಳೂವಾಗ ಫೋಟೋ ನೋಡಿ ರೊಕ್ಕ ಹಾಕಬ್ಯಾಡ್ರಿ. 19 ಇಂಚಿನ ಸ್ಪೋಕ್ ಗಾಲಿ ಆ ಕಾಲದಾಗ ಭಾಳ ಗಾಡಿಗೆ ಇದ್ದವು, ಎಲ್ಲಾನೂ ಎಂಜಿ ಅಂತ ಮಾರ್ತಾರ. ಸ್ಪೋಕ್ ಎಣಸ್ರಿ, ರಿಮ್ ಅಗಲ ಅಳೀರಿ, ಹಲ್ಲಿನ ಒಳಗಿನ ಫೋಟೋ ಟಾರ್ಚ್ ಹಾಕಿ ತಗದ ಕಳಸ್ರಿ ಅನ್ರಿ, ಆ ಫೋಟೋ ಕಳಸಾಕ ಮನಸ್ಸ ಮಾಡದವ್ರ ಕಡೆ ವ್ಯವಹಾರ ಬ್ಯಾಡ. ನಿಮ್ಮ ಗಾಲಿದೂ ಐದರದು ಮುಂದ, ಹಿಂದ, ಹಲ್ಲು ಎಲ್ಲಾ ಫೋಟೋ ತಗದು ಅಳತಿ ಬರದ ನೋಟ್‌ಬುಕ್ಕಿನ ಜೋಡಿ ಇಡ್ರಿ. ಒಂದ ಪೆಟ್ಟಿಗೆ ಬಿಚ್ಚೂ ಗಾಲಿ ಕದ್ಯಾಕೂ ಒಂದ ಪೆಟ್ಟ ಸಾಕು, ಇನ್ಶುರೆನ್ಸಿಗೂ ಅವ ಫೋಟೋ ಬೇಕು. 50 ವರ್ಷ ದಾಟಿದ ಗಾಡಿಗೆ 2021 ರ ನಿಯಮದ ಪ್ರಕಾರ ‘ವಿಎ’ ಅಕ್ಷರ ಇರೂ ವಿಂಟೇಜ್ ನಂಬರ್ ಸಿಗ್ತೈತಿ, ಗಾಡಿ ಮೂಲ ರೂಪದಾಗ ಇರಬೇಕು ಅಂತ ಅದ್ರಾಗ ಷರತ್ತ ಐತಿ, ಆ ಅರ್ಜಿ ಹಾಕೂವಾಗೂ ಇದ ಫೈಲ್ ತಗೊಂಡ ಹೋಗ್ರಿ.